ಬಾಗಿಲ ಪಕ್ಕದ ಸೀಟು

ಮೂರನೆಯ ಬೋಟನ್ನೂ ಅತ್ತೆ ಬೇಡವೆಂದಾಗ ಸೊಸೆ ಕೈಯಲ್ಲಿದ್ದ ಬಣ್ಣದ ಕರಪತ್ರವನ್ನು ಮುದುರಿ ಚೀಲಕ್ಕೆ ತುರುಕಿದಳು. ಬೆಳಗಿನ ಬೋಟಿಗೆ ಮಂಜು ಎಂದಾಗಿತ್ತು. ಮಧ್ಯಾಹ್ನದ್ದು ಹೊರಡಲು ಇನ್ನೂ ಹೊತ್ತಿತ್ತು, ಅದಕ್ಕೆ ಬಿಸಿಲು. ಈಗ ಸಂಜೆಯದಕ್ಕೆ, "ಕತ್ತಲಲ್ಲಿ ನೀರಿನ ಮೇಲೆ ಯಾರಮ್ಮ ಹೋಗ್ತಾರೆ, ಬುದ್ಧಿ ಇರೋರು?" ಎಂಬ ಪ್ರಶ್ನೆ. ಟಿಕೆಟ್ ಕಿಟಕಿಯೊಳಗಿನ ಹೆಂಗಸು ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು, ಭಾಷೆ ತಿಳಿಯದಿದ್ದರೂ ಸಂಗತಿಯೆಲ್ಲ ತಿಳಿದವಳಂತೆ ಕಾಯುತ್ತಿದ್ದಳು.

ಈ ನದಿ ನೋಡಬೇಕೆಂದು ಹಟ ಹಿಡಿದವರು ಅತ್ತೆಯೇ. ಎರಡೂ ದಡದಲ್ಲಿ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಹಳೆಯ ಕೋಟೆಗಳು, ನಡುವೆ ಬಳುಕಿಕೊಂಡು ಹರಿಯುವ ಹಸಿರು ನೀರು. ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಅದರ ಚಿತ್ರವನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರಂತೆ. ಮಗನಿಗೆ ಕೊನೆಗಳಿಗೆಯಲ್ಲಿ ರಜೆ ಸಿಗಲಿಲ್ಲ. ನೀವಿಬ್ಬರೇ ಹೋಗಿಬನ್ನಿ ಎಂದು ವಿಮಾನ ಹತ್ತಿಸಿ ಕೈತೊಳೆದುಕೊಂಡ. ಅಮ್ಮನಿಗೆ ನದಿ ತೋರಿಸಿದೆಯಾ ಎಂದು ದಿನಾ ಫೋನ್ ಮಾಡಿ ಕೇಳುವುದಷ್ಟೇ ಈಗ ಅವನ ಪಾಲಿನ ಕೆಲಸ.

ಸೊಸೆಯ ಪಾಲಿಗೆ ಉಳಿದದ್ದೆಲ್ಲ. ಹೋಟೆಲಿನ ಹಾಸಿಗೆಯ ತುಂಬ ನಕ್ಷೆ ಹರಡಿಕೊಂಡು, ಯಾವ ಬದಿ ಕೂತರೆ ಕೋಟೆ ಚೆನ್ನಾಗಿ ಕಾಣುತ್ತದೆ, ಯಾವ ಬೋಟಿಗೆ ಮೆಟ್ಟಿಲು ಕಡಿಮೆ, ಪರದೇಶದವರು ಪಾಸ್‌ಪೋರ್ಟ್ ತೋರಿಸಬೇಕೇ ಎಂದು ಫೋನಿನ ಅಡ್ಡಾದಿಡ್ಡಿ ಅನುವಾದದಲ್ಲಿ ಓದಿ ಓದಿ ಅವಳ ಕಣ್ಣುಗಳು ಉರಿದಿದ್ದವು. ಅತ್ತೆ ಕೋಣೆಯಲ್ಲಿ ಎಲ್ಲಕ್ಕೂ ಹೂಂ ಅನ್ನುವುದು, ದಡಕ್ಕೆ ಬಂದಕೂಡಲೇ ರಾಗ ತೆಗೆಯುವುದು. ಮೊನ್ನೆ ಚಪ್ಪಲಿ ಕಚ್ಚಿತ್ತು. ನಿನ್ನೆ ಸೊಂಟ ಹಿಡಿದಿತ್ತು. ಬೇಕೆಂದೇ ಸತಾಯಿಸುತ್ತಿದ್ದಾರೆ ಎನ್ನುವುದರಲ್ಲಿ ಸೊಸೆಗೆ ಅನುಮಾನ ಉಳಿದಿರಲಿಲ್ಲ.

"ಅತ್ತೆ, ನಾಳೆ ಬೆಳಿಗ್ಗೆ ನಾವು ವಾಪಸ್ ಹೊರಡ್ತೀವಿ. ಇವತ್ತು ಬಿಟ್ರೆ ಇನ್ನಿಲ್ಲ. ಬೇಡ ಅಂದ್ರೆ ಬೇಡ ಅಂತ ಒಂದು ಮಾತು ಹೇಳ್ಬಿಡಿ, ಮುಗೀತು."

"ಬೇಡ ಅಂತ ನಾನೆಲ್ಲಿ ಅಂದೆ?" ಅತ್ತೆಯ ಧ್ವನಿ ಸಣ್ಣದಾಯಿತು. "ಎಷ್ಟು ಹೊತ್ತು ಅಂದೆ, ಬೋಟಿನಲ್ಲಿ?"

"ನಾಲ್ಕು ಗಂಟೆ. ಮಧ್ಯೆ ಎಲ್ಲೂ ನಿಲ್ಲಿಸಲ್ಲ. ಹತ್ತು ಸಲ ಹೇಳಿದೀನಿ."

ಅತ್ತೆ ನದಿಯ ಕಡೆಗೊಮ್ಮೆ ನೋಡಿದರು. ಈಗ ಬಂದೆ ಎಂದು ರಸ್ತೆಯಾಚೆಯ ಕಾಫಿ ಅಂಗಡಿಯತ್ತ ನಡೆದರು. ಇಲ್ಲಿಗೆ ಬಂದ ಮೇಲೆ ಅಲ್ಲಿಗೆ ಹೋದದ್ದು ಇದೇ ಮೊದಲಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಸಣ್ಣ ಸಣ್ಣ ಹೆಜ್ಜೆ. ಸೊಸೆ ಊರಿನಲ್ಲಿ ಶಾಲೆಯ ವ್ಯಾನ್ ಓಡಿಸುವವಳು. ಬಾಯಿಬಿಟ್ಟು ಹೇಳಲಾರದೆ ಸೀಟಿನ ಅಂಚಿನಲ್ಲಿ ಕಾಲು ಬಿಗಿದು ಕೂರುವ ಮಕ್ಕಳು, ಮನೆ ಬಂದಾಗ ಇಳಿದು ಹೋಗುವುದು ಹೀಗೆಯೇ. ನಿನ್ನೆಯೆಲ್ಲ ಅತ್ತೆ ನೀರು ಕುಡಿದದ್ದನ್ನೇ ಅವಳು ಕಂಡಿರಲಿಲ್ಲ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ ಯಾಕೆಂದು ಕೇಳಿದ್ದಕ್ಕೆ, ಚಳಿಯಾದರೆ ಇರಲಿ ಅಂದಿದ್ದರು.

ಅವಳ ಸಿಟ್ಟೇನೂ ಇಳಿಯಲಿಲ್ಲ. ಒಂದು ಮಾತು ಹೇಳಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತಲ್ಲ ಅನ್ನಿಸಿತು. ಆದರೆ ಹೇಳಿದ್ದರೆ ತಾನೇನು ಮಾಡುತ್ತಿದ್ದೆ? ಫೋನ್ ಬಂದಾಗ ಗಂಡನೆದುರು ಆಡಿಕೊಳ್ಳುತ್ತಿದ್ದೆ. ಬೋಟಿನ ಮೆಟ್ಟಿಲಿನವರೆಗೆ ಎಲ್ಲ ಓದಿಕೊಂಡವಳು ಅದೊಂದು ಒಳಗಿದೆಯೋ ಇಲ್ಲವೋ ಎಂದು ನೋಡಿರಲಿಲ್ಲ.

ಅತ್ತೆ ಮರಳಿ ಬಂದು ಪಕ್ಕದಲ್ಲಿ ನಿಲ್ಲುವವರೆಗೂ ಕಾದು, ಅವಳು ಕಿಟಕಿಗೆ ಬಗ್ಗಿ ಫೋನು ತೋರಿಸಿದಳು. ಟಾಯ್ಲೆಟ್ಟಿಗೆ ಹತ್ತಿರದ ಎರಡು ಸೀಟು ಬೇಕು, ಮಧ್ಯಾಹ್ನದ ಬೋಟಿಗೆ. ಕಿಟಕಿಯ ಹೆಂಗಸು ಬೋಟಿನ ಚಿತ್ರದಲ್ಲಿ ಹಿಂದಿನ ಬಾಗಿಲೊಂದನ್ನು ಪೆನ್ನಿನಿಂದ ಮುಟ್ಟಿ ತೋರಿಸಿ, ಯಾರಿಗೆ ಎಂಬಂತೆ ಒಬ್ಬರ ನಂತರ ಒಬ್ಬರತ್ತ ಬೆರಳು ಮಾಡಿದಳು. ಸೊಸೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಹೆಂಗಸು ಕನಿಕರದಿಂದ ತನ್ನ ಕಿಬ್ಬೊಟ್ಟೆ ಸವರಿ ತೋರಿಸಿದಾಗ ಹಿಂದಿನ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಿನಗಾ?" ಎಂದರು ಅತ್ತೆ.

"ಹೂಂ. ಆಗಾಗ ಎದ್ದು ಹೋಗ್ತಾ ಇರ್ಬೇಕು ನಂಗೆ. ಹೇಗೆ ಹೇಳೋದು ಅಂತ ಸುಮ್ನಿದ್ದೆ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಮೊದಲೇ ಹೇಳಕ್ಕೇನಾಗಿತ್ತು? ಇದ್ರಲ್ಲಿ ನಾಚ್ಕೊಳ್ಳೋದೇನಿದೆ? ಸುಮ್ನೆ ದಿನ ಹಾಳಾಯ್ತು."

ಸೊಸೆ ಹಣ ಎಣಿಸಿ ಕಿಟಕಿಯೊಳಗೆ ಚಾಚಿದಳು.

ಬೋಟು ಹೊರಟಿತು. ಮೊದಲ ತಿರುವಿನಲ್ಲೇ ಕೋಟೆ ಕಂಡಿತು. ಅತ್ತೆ ಕಿಟಕಿಗೆ ಮೂಗು ಒತ್ತಿ ನೋಡಿದರು, ಗಟಗಟನೆ ನೀರು ಕುಡಿದರು, ಒಳಗೆ ನಿನಗೆ ಅನುಕೂಲವಾಗಿದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ, ಸರಿಯಾಗಿ ನೋಡಲಿಲ್ಲವೆಂದು ಇನ್ನೊಮ್ಮೆ ಹೋದರು. ಅಷ್ಟರಲ್ಲಿ ಮಗನ ಫೋನ್ ಬಂತು. ಅತ್ತೆಯೇ ತೆಗೆದುಕೊಂಡು ಬೆಟ್ಟ, ಕೋಟೆ, ನೀರಿನ ಬಣ್ಣ ಎಲ್ಲವನ್ನೂ ಬಣ್ಣಿಸಿದ ಮೇಲೆ, ಇಡೀ ಬೋಟಿಗೆ ಕೇಳುವಷ್ಟು ಧ್ವನಿ ತಗ್ಗಿಸಿ, "ನಿನ್ನ ಹೆಂಡತಿಗೆ ಏನೋ ತೊಂದರೆ ಕಣೋ. ಪಾಪ, ಹೇಳ್ಕೊಂಡೇ ಇರಲಿಲ್ಲ. ಅದಕ್ಕೇ ಇಷ್ಟು ತಡ ಆಯ್ತು," ಎಂದರು. ಸೊಸೆಯ ಮುಖ ನೋಡದೆ ಫೋನನ್ನು ಅವಳ ಕೈಗಿಟ್ಟು, ಕಿಟಕಿಯತ್ತ ತಿರುಗಿಕೊಂಡರು.

"ನಿನಗೆ ಇದು ಯಾವಾಗಿಂದ?" ಗಂಡ ಗಾಬರಿಯಿಂದ ಕೇಳಿದ.

"ಟಿಕೆಟ್ ತಗೊಂಡಾಗಿಂದ," ಎಂದಳು ಸೊಸೆ.