ರೊಟ್ಟಿ ಬಡಿಯುವ ಸಪ್ಪಳ

ಡಾಕ್ಟರು ಹೆಬ್ಬೆರಳಿನ ಬುಡ ಒತ್ತಿದಾಗ ಅವಳು ಹಲ್ಲು ಕಚ್ಚಿದಳು.

"ಮಣಿಕಟ್ಟಿನ ಸ್ನಾಯು ಊದೇತಿ. ಒಂದ ಕೆಲಸಾ ಮಾಡಿ ಮಾಡಿ ಹಿಂಗ ಆಗೂದು. ರೊಟ್ಟಿ ಬಡಿಯೂದು ಬಿಡ್ರಿ."

"ನಂಗೆ ರೊಟ್ಟಿ ತಟ್ಟೋಕೇ ಬರಲ್ಲ ಡಾಕ್ಟ್ರೇ. ನಾನು ಮಂಡ್ಯ ಕಡೆಯವಳು. ರೊಟ್ಟಿ ಖಾನಾವಳಿಯಿಂದ ತರ್ತೀವಿ."

"ಮತ್ತ ಈ ಕೈ ಏನ ಬಡೀತೈತಿ?"

"ಬರೀ ಹಲಗೆ," ಎಂದು ಅವಳು ತಲೆ ತಗ್ಗಿಸಿದಳು.

ಮನೆಯಲ್ಲಿ ಕಣ್ಣು ಕಾಣದೆ ಹಾಸಿಗೆ ಹಿಡಿದ ಅತ್ತೆ ಇದ್ದರು. ಯಾವುದೋ ಹಳೆಯ ಜಗಳಕ್ಕೆ ಅತ್ತೆಯೂ ಅದೇ ಮನೆಯಲ್ಲಿದ್ದ ಅವರ ಮಗಳೂ ಮಾತು ಬಿಟ್ಟಿದ್ದರು. ಆದರೂ ಮಗಳು ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬೀಳದೆ ಮುದುಕಿ ತುತ್ತು ಮುಟ್ಟುತ್ತಿರಲಿಲ್ಲ. ಆ ಮಗಳು ಆಸ್ಪತ್ರೆಗೆಂದು ಹೋದವಳು ಜೀವಂತ ಮರಳಲಿಲ್ಲ. ಸುದ್ದಿ ಕೇಳಿದರೆ ಅತ್ತೆ ಉಳಿಯಲಿಕ್ಕಿಲ್ಲವೆಂದು ಮನೆಯವರು ಮುಚ್ಚಿಟ್ಟರು. ಅಂದಿನಿಂದ ಸೊಸೆ ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು, ಸತ್ತ ನಾದಿನಿಯ ಲಯದಲ್ಲೇ ಹಿಟ್ಟಿಲ್ಲದ ಬರಿ ರೊಟ್ಟಿ ಹಲಗೆ ಬಡಿಯುತ್ತಿದ್ದಳು. ಬಡಿಯುತ್ತ ಬಡಿಯುತ್ತ ಅದು ತನ್ನ ಕೈಯೇ ಅಲ್ಲವೆನಿಸುತ್ತಿತ್ತು.

ಡಾಕ್ಟರು ಮಣಿಕಟ್ಟಿಗೆ ಪಟ್ಟಿ ಬಿಗಿದರು. "ಈ ಕೈ ಮಾಯಬೇಕಂದ್ರ ಅದಕ್ಕ ವಿಶ್ರಾಂತಿ ಬೇಕು. ಬ್ಯಾರೆ ಔಷಧ ಇಲ್ಲ."

ಮರುದಿನ ಎಡಗೈಯಲ್ಲಿ ಬಡಿದು ನೋಡಿದಳು. ಲಯ ತಪ್ಪಿತು. ಹೆದರಿ ನಿಲ್ಲಿಸಿದಳು.

ಒಳಕೋಣೆಯಿಂದ ಅತ್ತೆಯ ದನಿ ಬಂತು.

"ಕೈ ನೋಯಾಕತ್ತೇತೇನ ತಂಗಿ? ಸಾಕ ಬಿಡು. ಆಕಿ ತೀರಿ ಹೋಗಿದ್ದು, ಖಾನಾವಳಿ ರೊಟ್ಟಿಯ ಮೊದಲನೇ ತುತ್ತಿಗೇ ಗೊತ್ತಾತು ನನಗ."