ಮುನ್ನೂರು ಇಸಾಕ್ ಸಾಬರು

ಇಸಾಕ್ ಸಾಬರು ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರೊಳಗೆ ನಲವತ್ತಮೂರು ಸಲ ಸತ್ತರು. ಮೊದಮೊದಲು ಒಂದೊಂದು ಸಾವಿಗೂ ಬೆಚ್ಚುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ ಅಭ್ಯಾಸವಾಗಿ, ತುಮಕೂರಿನ ಆ ಕಂಪ್ಯೂಟರ್ ಸೆಂಟರಿನ ಸ್ಟೂಲಿನ ಮೇಲೆ ಕೂತು, ಕೊಟ್ಟ ಟೀ ಕುಡಿಯುತ್ತಲೇ ಸಾಯತೊಡಗಿದರು.

ಆಟದ ಹೆಸರು ‘ಕೋಟೆ ಕಾಪಾಡು’. ಎರಡು ಸಾವಿರದ ನಾಲ್ಕರ ರಾಜ್ಯೋತ್ಸವದ ವಸ್ತುಪ್ರದರ್ಶನದಲ್ಲಿ ಇಡಲೆಂದು ಸೆಂಟರಿನ ಮಾಲೀಕ ಲಕ್ಷ್ಮೀಕಾಂತ್ ಮಾಡಿಸಿದ್ದು. ಹುಲಿಯೂರುದುರ್ಗದ ಕೋಟೆ, ಕುದುರೆಯ ಮೇಲೆ ಪಾಳೇಗಾರ, ನುಗ್ಗಿ ಬರುವ ಮುನ್ನೂರು ಶತ್ರುಗಳು. ಪಾಳೇಗಾರನಿಗೆ ಲಕ್ಷ್ಮೀಕಾಂತ್ ತನ್ನದೇ ಮುಖ ಅಂಟಿಸಿದ್ದ. ಕನ್ನಡಕ ತೆಗೆದು ಫೋಟೊ ಹಿಡಿಸಿದ್ದರೂ ಮೂಗಿನ ಮೇಲೆ ಅದರ ಗುರುತು ಹಾಗೇ ಇತ್ತು. ಮುನ್ನೂರು ಶತ್ರುಗಳಿಗೂ ಇಸಾಕ್ ಸಾಬರ ಮುಖ.

ಸಾಬರು ಕುಣಿಗಲ್ಲಿನಲ್ಲಿ ಕುದುರೆಗೆ, ಎತ್ತಿಗೆ ಲಾಳ ಕಟ್ಟುವವರು. ತಿಂಗಳ ಹಿಂದೆ ಲಕ್ಷ್ಮೀಕಾಂತ್ ಅವರಲ್ಲಿಗೆ ಬಂದು, "ನಿಮ್ಮನ್ನ ಇತಿಹಾಸಕ್ಕೆ ಸೇರಿಸ್ತೀವಿ" ಎಂದು ಫೋಟೊ ತೆಗೆದುಕೊಂಡು ಹೋಗಿದ್ದ. ಸೇರಿಸುವುದೆಂದರೆ ತಲೆ ಕಡಿದು ಸೇರಿಸುವುದೆಂದು ಆಗ ಯಾರು ಹೇಳಿದ್ದರು? ಆ ದುರ್ಗದ ಕುದುರೆಗಳಿಗೆ ಲಾಳ ಕಟ್ಟಿದ್ದು ತಮ್ಮ ಮುತ್ತಜ್ಜಂದಿರೇ ಎಂಬುದು ಸಾಬರ ಮನೆಯ ಹಳೆಯ ಮಾತು. ಅದು ಕೊನೆಗೂ ಕಂಪ್ಯೂಟರಿಗೆ ಗೊತ್ತಾಯಿತಲ್ಲ ಎಂದು ಅವರು ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು. ನಾಳೆ ಪ್ರದರ್ಶನಕ್ಕೆ ಬೀದಿಯ ಜನ ಟೆಂಪೊ ಮಾಡಿಕೊಂಡು ಬರುವವರಿದ್ದರು. ಹೆಂಡತಿ ಶರೀಫುನ್ನೀಸಾ ಮುಂದಿನ ಸೀಟು ಹಿಡಿದಾಗಿತ್ತು. ಎಲ್ಲರಿಗಿಂತ ಮೊದಲು ನೀವೇ ನೋಡಿ ಎಂದು ಲಕ್ಷ್ಮೀಕಾಂತ್ ಇವತ್ತು ಅವರೊಬ್ಬರನ್ನೇ ಕರೆಸಿದ್ದ. ಇನ್ನು ಬೀದಿಯವರಿಗೆ ಯಾವ ಮುಖ ತೋರಿಸುವುದು? ಇದ್ದ ಮುನ್ನೂರೂ ಮಣ್ಣುಪಾಲಾಗುತ್ತಿದ್ದವು. ಸಾಬರಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು.

"ನಾನ್ಯಾಕೆ ಸಾರ್ ಶತ್ರು?"

"ಕೋಟೆ ಅಂದ್ಮೇಲೆ ಶತ್ರು ಬೇಕಲ್ಲ ಸಾಬ್ರೆ. ನಮ್ಮತ್ರ ಗಡ್ಡ ಇರೋ ಫೋಟೊ ನಿಮ್ದೊಂದೇ ಇದ್ದಿದ್ದು."

"ಕೋಟೆ ಒಳಗಡೆ ಗಡ್ಡದೋನು ಒಬ್ಬನಾದ್ರೂ ಇರ್ಲಿಲ್ವಾ?"

"ಇದ್ರೇನೋ. ಒಳಗಡೆನೂ ಹೊರಗಡೆನೂ ಒಂದೇ ಥರದೋರು ಇದ್ರೆ ಆಡೋರಿಗೆ ಕನ್ಫ್ಯೂಸ್ ಆಗುತ್ತೆ."

ಸಾಬರು ಬಗ್ಗಿ ಪರದೆಯ ಮೇಲಿನ ಕುದುರೆಯ ಕಾಲು ನೋಡಿದರು. "ಅದಿರ್ಲಿ, ಇದಕ್ಕೆ ಲಾಳ ಎಲ್ಲಿ? ಬರಿಗಾಲಲ್ಲಿ ಬಂಡೆ ಮೇಲೆ ಓಡಿಸ್ತಿದೀರಲ್ಲ."

"ಕಂಪ್ಯೂಟರ್ ಕುದುರೆಗೆ ಯಾಕ್ರೀ ಲಾಳ?"

"ಕಂಪ್ಯೂಟರ್ ಕೋಟೆಗೆ ಶತ್ರು ಬೇಕು, ಕುದುರೆಗೆ ಲಾಳ ಬ್ಯಾಡ್ವಾ? ನನ್ನ ಕೈಲಿರೋ ಕತ್ತಿ ಕಿತ್ಕಂಡು ಸುತ್ತಿಗೆ ಕೊಡಿ ಸಾರ್, ಅಷ್ಟು ಸಾಕು. ನಮ್ಮೋರು ಕೆಲ್ಸಕ್ಕೆ ಬಂದೋರು ಅಂತ ಜನಕ್ಕೆ ಗೊತ್ತಾಗ್ಲಿ."

"ಅದೇನ್ ಮಹಾ ಸರ್, ಮಾಡ್ಬೋದು," ಎಂದಳು ಆಟ ಬರೆದ ಹುಡುಗಿ ಯಶಸ್ವಿನಿ. "ಲಾಳ ಹೆಂಗೆ ಕಟ್ತಾರೆ ತಾತ? ಒಂದ್ಸಲ ತೋರ್ಸಿ."

ಸೆಂಟರಿನೊಳಗೆ ಕುದುರೆ ಎಲ್ಲಿಂದ ತರುವುದು? ಸಾಬರು ಕುಕ್ಕರಗಾಲಲ್ಲಿ ಕೂತು ಲಕ್ಷ್ಮೀಕಾಂತನ ಬಲಗಾಲನ್ನೇ ತೊಡೆಯ ಮೇಲೆಳೆದುಕೊಂಡು ತೋರಿಸಿದರು. ಅವನು ಮೇಜು ಹಿಡಿದು ಒಂಟಿಗಾಲಲ್ಲಿ ನಿಂತೇ ಷರತ್ತು ಹಾಕಿದ. ಮುನ್ನೂರಕ್ಕೆ ಒಬ್ಬರೂ ಕಮ್ಮಿಯಾಗಕೂಡದು, ಕಡಿಯುವುದನ್ನು ತೆಗೆಯಕೂಡದು, ತೆಗೆದರೆ ಅದು ಆಟವೇ ಅಲ್ಲ.

ಮೂರು ಗಂಟೆಗೆ ಹೊಸ ಆಟ ತೆರೆಯಿತು. ಮುನ್ನೂರು ಇಸಾಕ್ ಸಾಬರು ಸುತ್ತಿಗೆ, ಲಾಳ, ಮೊಳೆ ಹಿಡಿದು ಬೆಟ್ಟ ಹತ್ತಿ ಬಂದರು. ಮೊದಲನೆಯವರು ಕುದುರೆಯ ಕಾಲಿಗೆ ಕೈ ಹಾಕಿದ್ದೇ ತಡ, ಲಕ್ಷ್ಮೀಕಾಂತ್ ಗುಂಡಿ ಒತ್ತಿದ. ತಲೆ ಉರುಳಿತು. ಹತ್ತು ಅಂಕ ಬಂತು.

"ಲಾಳ ಕಟ್ಟೋಕೆ ಬಂದೋರನ್ನೂ ಕಡೀತೀರಲ್ಲ ಸಾರ್."

"ಹತ್ತಿರ ಬಂದೋರನ್ನ ಕಡೀಲೇಬೇಕು ಸಾಬ್ರೆ, ಆಟದ ರೂಲ್ಸು."

ಸಾಬರು ಇನ್ನೂ ಹನ್ನೆರಡು ಸಲ ಸತ್ತರು. ಆಮೇಲೆ ಎದ್ದು ಬಂದು, ಗೊರಸು ಎತ್ತುವಷ್ಟೇ ಮೆತ್ತಗೆ ಲಕ್ಷ್ಮೀಕಾಂತನ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಂದ ಎತ್ತಿ, ಹಾಗೇ ಹಿಡಿದುಕೊಂಡರು. ಪರದೆಯಲ್ಲಿ ಕತ್ತಿ ನಿಂತಿತು. ಒಬ್ಬ ಇಸಾಕ್ ಸಾಬರು ಕೂತು, ಮುಂಗಾಲು ಎತ್ತಿ, ಲಾಳ ಬಡಿದು ಎದ್ದರು. ಇನ್ನೊಬ್ಬರು ಬಂದು ಇನ್ನೊಂದು ಕಾಲಿಗೆ ಕೂತರು. ಉಳಿದವರು ಕೋಟೆಯ ಬಾಗಿಲಿನಿಂದ ಬೆಟ್ಟದ ಬುಡದವರೆಗೂ ಸಾಲಾಗಿ ನಿಂತರು. ಕೋಟೆಯ ಒಂದು ಕಲ್ಲನ್ನೂ ಯಾರೂ ಮುಟ್ಟಲಿಲ್ಲ.

ಮೂರನೇ ಲಾಳ ಬಿಗಿಯುವಷ್ಟರಲ್ಲಿ ಪರದೆಯ ಮೇಲ್ತುದಿಯಲ್ಲಿ ಕೆಂಪು ಅಕ್ಷರ ಮೂಡಿತು: ‘ಕೋಟೆ ಬಿತ್ತು. ನೀವು ಸೋತಿರಿ. ಆಟ ಮುಗಿಸಲು ಗುಂಡಿ ಒತ್ತಿ.’ ಲಕ್ಷ್ಮೀಕಾಂತ್ ಕೈ ಬಿಡಿಸಿಕೊಳ್ಳಲು ಕೊಸರಾಡಿದ.

"ಬೀಳ್ಲಿ ಬುಡಿ ಸಾರ್," ಎಂದರು ಸಾಬರು, ಹಿಡಿತ ಸಡಿಲಿಸದೆ. "ಇನ್ನೊಂದು ಕಾಲು ಬಾಕಿ ಐತೆ. ಮೂರು ಕಾಲಿಗೆ ಕಟ್ಟಿ ಎದ್ದೋದೋರಲ್ಲ ನಮ್ಮೋರು."