ಎಡಗಡೆ ಸೀಟು

ರನ್‌ವೇ ಇನ್ನೇನು ಇನ್ನೂರು ಅಡಿ ಕೆಳಗಿದೆ ಅನ್ನುವಾಗ ಬಸವಕುಮಾರ್ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬಲಕ್ಕೆ ತಿರುಗಿ, "ಗಾಬರಿ ಬೀಳ್ಬೇಡಿ, ಒಸಿ ನಿಧಾನುಕ್ಕೆ ಇಳ್ಸಿ" ಅಂದ.

"ಸಾರ್, ಓಡಿಸ್ತಿರೋದು ನೀವು," ಅಂದಳು ಸಾನಾ. ರಾಮನಗರದ ರೇಷ್ಮೆ ನೂಲಿನವರ ಮಗಳು. ಅವನಿಗೆ ವಿಮಾನ ಕಲಿಸುವ ಮೇಡಮ್. ಅಷ್ಟರೊಳಗೆ ತನ್ನ ಕಡೆಯ ಹಿಡಿಕೆ ಎಳೆದು ವಿಮಾನವನ್ನು ನೆಲ ಮುಟ್ಟಿಸಿದ್ದಳು.

ತಪ್ಪು ಅಭ್ಯಾಸದ್ದು. ಮಾಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುವವನಿಗೆ ಎಡಗಡೆ ಸೀಟೆಂದರೆ ಮೇಷ್ಟರ ಸೀಟು. ಕಾರು ಓಡಿಸುವವರು ಬಲಗಡೆ. ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬೈಯುವವನು ಎಡಗಡೆ. ಆ ಕಾಲೋ, ಕುದೂರಿನ ಬಸ್ಸಿನಲ್ಲಿ ಟಿಕೆಟ್ ತಗೊಂಡು ಕೂತಾಗಲೂ ತಿರುವು ಬಂದರೆ ಸಾಕು, ತಾನಾಗಿ ನೆಲದ ತಗಡನ್ನು ಬ್ರೇಕಿನಂತೆ ಒತ್ತುತ್ತಿತ್ತು. ವಿಮಾನದಲ್ಲಿ ಎಲ್ಲ ತಿರುಗುಮುರುಗು. ಕಲಿಯುವವನು ಎಡಕ್ಕೆ, ಮೇಷ್ಟ್ರು ಬಲಕ್ಕೆ.

ಮೂರು ಜನ ಕಾರು ಕಲಿತು ಫೀಸು ಕಟ್ಟಿದರೆ ಅವನಿಗೆ ಒಂದು ಗಂಟೆ ಆಕಾಶ. ಹೀಗೆ ಎರಡು ವರ್ಷ ಅರ್ಧ ಮಾಗಡಿಗೆ ಕ್ಲಚ್ಚು ಬಿಡುವುದು ಕಲಿಸಿ, ತಾನು ಮಾತ್ರ ಒಂದು ಸಲವೂ ಒಬ್ಬನೇ ಹಾರಲಾರದೆ ಉಳಿದಿದ್ದ. ಇವತ್ತೂ ಆಗದಿದ್ದರೆ ಈ ಹುಚ್ಚು ಬಿಟ್ಟುಬಿಡುತ್ತೇನೆಂದು ಹೆಂಡತಿ ಯಶೋಧಾಗೆ ಮಾತು ಕೊಟ್ಟು ಬಂದಿದ್ದ. ನಲವತ್ತಾರನೇ ವಯಸ್ಸಿನಲ್ಲಿ ಅಳು ಬರುವಂತಾಯಿತು.

"ಆಯ್ತು ಬುಡಿ ಮೇಡಮ್, ನನ್ ಕೈಲಿ ಆಗಾಕಿಲ್ಲ."

ವಿಮಾನವನ್ನು ರನ್‌ವೇ ಅಂಚಿಗೆ ತಂದು ನಿಲ್ಲಿಸಿ ಸಾನಾ ಬೆಲ್ಟು ಬಿಚ್ಚಿದಳು. "ಇಳಿಸೋಕೆ ನಿಮಗೆ ಬತ್ತದೆ ಸಾರ್. ಪಕ್ಕ ಯಾರಾದ್ರೂ ಕೂತಿದ್ರೆ ಮಾತ್ರ ಬರಲ್ಲ." ಒಬ್ಬರೇ ಒಂದು ಸುತ್ತು ಹೋಗಿಬನ್ನಿ ಎಂದು ಹೇಳಿ, ಬಾಗಿಲು ತೆಗೆದು ಇಳಿದೇಬಿಟ್ಟಳು.

ಬೈರಮಂಗಲದ ಕೆರೆಯ ಮೇಲೆ ತಿರುಗಿಸಿಕೊಂಡು ಬಂದ. ಇನ್ನೂರು ಅಡಿಗೆ ಇಳಿದಾಗ ತಲೆ ತಾನಾಗಿ ಬಲಕ್ಕೆ ಹೊರಳಿತು. ಸೀಟು ಖಾಲಿ. ಬೈಯೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಬೇರೆ ದಾರಿ ಕಾಣದೆ, "ಕೈ ತೆಗೀಬೇಡ ಕಣ್ಲಾ, ದಡ್ಡ ನನ್ಮಗನೆ" ಎಂದು ತನ್ನನ್ನೇ ಬೈದುಕೊಂಡು ಇಳಿಸಿದ. ಆ ಒಂದು ಗಂಟೆಗೆ ಫೀಸು ಕಟ್ಟಿದ ಮೂವರಿಗೂ ಒಂದೊಂದು ಅನ್ನುವಂತೆ ವಿಮಾನ ಮೂರು ಸಲ ಕುಪ್ಪಳಿಸಿ, ಆಮೇಲೆ ನೆಲ ಹಿಡಿಯಿತು.

ಎಂಜಿನ್ ಆರಿಸಿ, ರನ್‌ವೇ ಅಂಚಿಗೆ ಓಡಿದ. ಸಾನಾ, ಅವನು ಹೊರಟಾಗ ತಾನು ನಿಂತಿದ್ದ ಜಾಗದಲ್ಲೇ ಇದ್ದಳು. ಏನೂ ಆಗಿಲ್ಲವೆಂಬಂತೆ ಕೈಕುಲುಕಿ, ಚೆನ್ನಾಗಿತ್ತು ಅಂದಳು. ಬಸವಕುಮಾರ್ ಅವಳ ಕಾಲಿನ ಕಡೆ ನೋಡಿದ. ಎರಡೂ ಬೂಟಿನ ಮೂತಿಗಳು ಕೆಂಪು ಮಣ್ಣಿನೊಳಗೆ ಅರ್ಧ ಹೂತುಹೋಗಿದ್ದವು.

"ಬ್ರೇಕ್ ಹಿಡೀತಾ ಮೇಡಮ್?" ಅಂದ.